ಬೋರಲಿಂಗಯ್ಯನ ಫ್ಯಾನು

ನಮ್ಮೂರಿನ ಫೋಟೋ ಸ್ಟುಡಿಯೋದ ಕನ್ನಡಿಯಲ್ಲಿ ನೋಡಿಕೊಂಡರೆ ಮುಖದ ಮೇಲಿನ ಮಚ್ಚೆ ಕಾಣುವುದಿಲ್ಲ. ಆರು ವರ್ಷದ ಹಿಂದೆ ಸ್ಟುಡಿಯೋದವರು ತಮ್ಮ ಕಂಪ್ಯೂಟರಿನಿಂದ ಫೋಟೋ ತಿದ್ದುವ ಸಾಫ್ಟ್‌ವೇರ್ ಒಂದನ್ನು ಕಿತ್ತುಹಾಕಿದರು. ಸಾಫ್ಟ್‌ವೇರ್ ಹೋಯಿತು, ಅದರ ಚಾಳಿ ಕನ್ನಡಿಯಲ್ಲಿ ಉಳಿದುಕೊಂಡಿತು. ಹೆಣ್ಣು ನೋಡುವ ಶಾಸ್ತ್ರವನ್ನು ಸ್ವಲ್ಪ ದಿನ ಜನ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಗಂಡಿನ ಕಡೆಯವರೂ ಚಾಲಾಕಾದರು. ಹುಡುಗಿ ಕನ್ನಡಿಗೆ ಬೆನ್ನು ಹಾಕಿ ಕೂತರೆ ಮಾತ್ರ ಬರುತ್ತೇವೆ ಎಂದು ಮೊದಲೇ ಹೇಳಿ ಕಳಿಸತೊಡಗಿದರು. ಔಷಧಿ ಅಂಗಡಿಯ ಕೇಶವಮೂರ್ತಿಯದು ಇನ್ನೊಂದು ಕಥೆ. ಬಿಲ್ಲು ಹಾಕುವ ಹಳೆಯ ಸಾಫ್ಟ್‌ವೇರ್ ತೆಗೆಸಿದ ಮೇಲೆ ಅವನ ಅಂಗಡಿಯ ಷಟರ್, ಮೂರು ಸಲ ‘ಹೌದು’ ಅನ್ನದೆ ಮೇಲೇಳುವುದಿಲ್ಲ. ದಿನಾ ಎಂಟು ಗಂಟೆಗೆ ಷಟರಿನ ಮುಂದೆ ನಿಂತು ಹೌದು ಹೌದು ಹೌದು ಅಂದು ಅಂದು ಅವನಿಗೆ ಅದೇ ಅಭ್ಯಾಸವಾಗಿ, ಮನೆಯಲ್ಲಿ ಹೆಂಡತಿಗೂ ಹಾಗೇ ಅನ್ನುತ್ತಾನಂತೆ. ಅವಳು ಸುಖವಾಗಿದ್ದಾಳೆ.

ಬೇರೆ ಊರುಗಳಲ್ಲಿ ಹೀಗಲ್ಲವಂತೆ. ಅಲ್ಲಿ ಸಾಫ್ಟ್‌ವೇರ್ ತೆಗೆದರೆ ಹೆಚ್ಚೆಂದರೆ ಕಂಪ್ಯೂಟರ್ ನಿಧಾನವಾಗುತ್ತದೆ, ಪರದೆಯ ಮೇಲೆ ಆಗಾಗ ‘ಇಂಥ ಫೈಲು ಸಿಗುತ್ತಿಲ್ಲ’ ಎಂಬ ಪೆಟ್ಟಿಗೆ ಮೂಡುತ್ತದೆ, ಅಷ್ಟೇ. ಪ್ರತಿ ಕಂಪ್ಯೂಟರಿನ ಹೊಟ್ಟೆಯೊಳಗೂ ರಿಜಿಸ್ಟ್ರಿ ಅಂತ ಒಂದು ದಫ್ತರ ಇರುತ್ತದೆ. ಯಾವ ಸಾಫ್ಟ್‌ವೇರ್ ಬಂತು, ಎಲ್ಲಿ ಕೂತಿತು, ಯಾವ ಯಾವ ಫೈಲನ್ನು ಯಾರ ಜೊತೆ ಹಂಚಿಕೊಂಡಿತು ಅಂತೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಸಾಫ್ಟ್‌ವೇರ್ ತೆಗೆದರೂ ದಾಖಲೆ ಪೂರ್ತಿ ಅಳಿಸಿ ಹೋಗುವುದಿಲ್ಲ. ಬಾಡಿಗೆ ಮನೆ ಖಾಲಿ ಮಾಡಿದವರು ಗೋಡೆಗೆ ಹೊಡೆದ ಮೊಳೆ ಬಿಟ್ಟು ಹೋಗುವುದಿಲ್ಲವೇ, ಹಾಗೆ. ನಮ್ಮೂರಿನಲ್ಲಿ ಆ ಮೊಳೆ ಕಂಪ್ಯೂಟರಿನೊಳಗೆ ಇರದೆ ಬಾಗಿಲಿಗೋ ಬಚ್ಚಲಿಗೋ ಗೋಡೆಗಡಿಯಾರಕ್ಕೋ ಹೋಗಿ ಸೇರಿಕೊಳ್ಳುತ್ತದೆ. ಅದನ್ನು ನಾವು ಉಳಿಕೆ ಅನ್ನುತ್ತೇವೆ.

ಉಳಿಕೆ ತೆಗೆಯುವುದು ನನ್ನ ಕಸುಬು. ನಾನು ಅಂಬುಜಾಕ್ಷಿ, ಊರಿಗೆಲ್ಲ ಅಂಬುಜಕ್ಕ. ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುತ್ತಿದ್ದೆ. ಟೈಪ್‌ರೈಟರ್‌ಗಳು ಮೂಲೆ ಸೇರಿದ ಮೇಲೆ ಕಂಪ್ಯೂಟರ್ ಕಲಿತೆ, ಹತ್ತೊಂಬತ್ತು ವರ್ಷದಿಂದ ಸೆರಗಿನ ತುದಿಗೆ ಪೆನ್‌ಡ್ರೈವ್ ಗಂಟು ಹಾಕಿಕೊಂಡು ಊರು ತಿರುಗುತ್ತಿದ್ದೇನೆ. ಕೆಲಸ ಕಷ್ಟದ್ದಲ್ಲ. ರಿಜಿಸ್ಟ್ರಿ ತೆರೆಯಬೇಕು, ಹೋದ ಸಾಫ್ಟ್‌ವೇರಿನ ಹೆಸರು ಹಿಡಿದು ಹುಡುಕಬೇಕು, ಸಿಕ್ಕಿದ ಸಾಲನ್ನೆಲ್ಲ ಅಳಿಸಬೇಕು. ಅಳಿಸುವ ಮುಂಚೆ ಒಂದು ನಕಲು ತೆಗೆದಿಟ್ಟುಕೊಳ್ಳಬೇಕು. ಅದಕ್ಕಿಂತ ಮುಂಚೆ ಇನ್ನೊಂದಿದೆ, ಅದು ಊರಿನ ಕಟ್ಟಳೆ. ಮನೆಯ ನಡುವೆ ನಿಂತು, ‘ಇದು ಯಾರಿಗಾದರೂ ಬೇಕಾ?’ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಬೇಕು. ಕೇಳಿ, ಸ್ವಲ್ಪ ಹೊತ್ತು ಕಾಯಬೇಕು. ಉಳಿಕೆ ಒಬ್ಬರಿಗೆ ಕಾಟವಾದರೆ ಇನ್ನೊಬ್ಬರಿಗೆ ಅದರಿಂದಲೇ ನಿದ್ದೆ ಬರುತ್ತಿರಬಹುದು, ಹೇಳುವುದಕ್ಕಾಗುವುದಿಲ್ಲ.

ನಾನು ಕೇಳುತ್ತಿದ್ದೆ. ಕಾಯುತ್ತಿರಲಿಲ್ಲ. ಕಾಯುವುದು ನನ್ನ ಜಾಯಮಾನವಲ್ಲ. ಎದುರಿಗಿರುವವರು ಅರ್ಧ ಮಾತು ಆಡುವಷ್ಟರಲ್ಲಿ ಉಳಿದರ್ಧ ನನಗೆ ಹೊಳೆದಿರುತ್ತದೆ, ಹೊಳೆದದ್ದನ್ನು ಬಾಯಲ್ಲಿಟ್ಟುಕೊಂಡು ಕೂರಲು ನನಗೆ ಬರುವುದಿಲ್ಲ. ನನ್ನ ಗಂಡ ಪರಮೇಶ್ವರಯ್ಯನವರು ಮದುವೆಯಾದ ಮೇಲೆ ಒಂದೇ ಒಂದು ವಾಕ್ಯವನ್ನೂ ಪೂರ್ತಿ ಆಡಿಲ್ಲ ಎಂದು ನಾದಿನಿಯರು ನಗುತ್ತಾರೆ. ‘ಅಂಬುಜಾ, ಇವತ್ತು ಸಾರಿಗೆ’ ಅನ್ನುವಷ್ಟರಲ್ಲಿ ನಾನು ‘ಹುಣಸೆಹಣ್ಣು ಜಾಸ್ತಿಯಾಗಿದೆ, ಗೊತ್ತು’ ಅಂದಿರುತ್ತೇನೆ. ಹತ್ತಕ್ಕೆ ಒಂಬತ್ತು ಸಲ ನಾನು ಹೇಳಿದ್ದೇ ಸರಿ ಇರುತ್ತದೆ. ಹತ್ತನೆಯದರ ಲೆಕ್ಕವನ್ನು ನಾನೂ ಇಟ್ಟಿರಲಿಲ್ಲ, ಅವರೂ ಇಟ್ಟಿರಲಿಲ್ಲ. ನಕಲು ತೆಗೆದಿಡುವುದನ್ನೂ ಯಾವಾಗಲೋ ಬಿಟ್ಟುಬಿಟ್ಟಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅದು ಬೇಕಾಗಿರಲಿಲ್ಲ.

ಆ ಸೋಮವಾರ ಮಧ್ಯಾಹ್ನ ಕೋರ್ಟಿನಿಂದ ಫೋನು ಬಂತು. ಮಾಡಿದವರು ಶಿರಸ್ತೇದಾರರು, ಜಯಶೀಲಮ್ಮ. ಕೋರ್ಟಿನ ಕಚೇರಿಯೆಲ್ಲ ಅವರ ಕೈಯಲ್ಲೇ ನಡೆಯುವುದು. ವಿಷಯ ವರಾಂಡದ ಫ್ಯಾನಿನದು. ಹನ್ನೊಂದು ವರ್ಷದ ಹಿಂದೆ ಅಲ್ಲಿದ್ದ ಸ್ಟೆನೋ ಒಬ್ಬರು, ಹೇಳಿದ್ದನ್ನು ವೇಗವಾಗಿ ಬರೆದುಕೊಳ್ಳುವ ಅಭ್ಯಾಸಕ್ಕೆ ಅಂತ ತಾಳ ಹಾಕುವ ಸಾಫ್ಟ್‌ವೇರ್ ಇಟ್ಟುಕೊಂಡಿದ್ದರು. ವರ್ಗವಾಗಿ ಹೋಗುವಾಗ ಅದನ್ನು ತೆಗೆದುಹಾಕಿದರು. ಅವತ್ತಿನಿಂದ ವರಾಂಡದ ಫ್ಯಾನು ಕರೆಂಟು ಇರಲಿ ಬಿಡಲಿ, ಟಕ್, ಟಕ್, ಟಕ್ ಅಂತ ಒಂದೇ ಅಳತೆಯಲ್ಲಿ ಬಡಿಯುತ್ತಲೇ ಇದೆ. ನಮಗೆಲ್ಲ ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಹೊಸದಾಗಿ ಬಂದ ಜಡ್ಜ್ ಮೇಡಂ ಹೊರಗಿನವರು. ತೀರ್ಪು ಹೇಳಿ ಬರೆಸುವಾಗ ತಮ್ಮ ಮಾತು ಆ ಟಕ್‌ಟಕ್ಕಿಗೆ ಸರಿಯಾಗಿ ಕುಣಿಯುತ್ತದೆ, ಕೊನೆಗೆ ಅದು ತೀರ್ಪೋ ಪದ್ಯವೋ ತಿಳಿಯುವುದಿಲ್ಲ ಎಂದು ಅವರಿಗೆ ಬೇಜಾರು. ಇವತ್ತೇ ತೆಗೆದುಬಿಡಿ ಎಂದರು ಜಯಶೀಲಮ್ಮ.

ಐದು ಗಂಟೆಗೆ ಹೋದೆ. ಕಲಾಪ ಮುಗಿದಿತ್ತು. ಜಯಶೀಲಮ್ಮನ ಮುಂದೆ ನಿಂತು ಕಟ್ಟಳೆಯಂತೆ ‘ಇದು ಯಾರಿಗಾದರೂ ಬೇಕಾ?’ ಎಂದು ಕೇಳಿದೆ. ಅವರು ಚೀಲಕ್ಕೆ ಊಟದ ಡಬ್ಬಿ ತುರುಕುತ್ತಾ, ಯಾರಿಗೂ ಬೇಡ ಅಂದರು. ನಾನು ಕಂಪ್ಯೂಟರಿನ ಮುಂದೆ ಕೂತೆ. ಸಾಲುಗಳು ಒಂದೊಂದಾಗಿ ಸಿಕ್ಕವು. ಅಷ್ಟರಲ್ಲಿ ಬಾಗಿಲಲ್ಲಿ ಬೋರಲಿಂಗಯ್ಯ ಬಂದು ನಿಂತ.

ಬೋರಲಿಂಗಯ್ಯ ಕೋರ್ಟಿನ ಜವಾನ. ಬಿಳಿ ಬಟ್ಟೆ, ಎದೆಗೆ ಅಡ್ಡವಾಗಿ ಕೆಂಪು ಡವಾಲಿ ಪಟ್ಟಿ. ವರಾಂಡದಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವನ ಕೆಲಸ. ಒಂದೊಂದು ಹೆಸರನ್ನೂ ಮೂರು ಸಲ ಕೂಗುತ್ತಾನೆ, ಮೂರಕ್ಕೂ ಯಾರೂ ಬರದಿದ್ದರೆ ಗೈರುಹಾಜರಿ ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಅವನು ಕೂಗಿದರೆ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ಎದ್ದು ನಿಲ್ಲುತ್ತಿದ್ದರು. ಅಂಥ ದನಿ, ಅಂಥ ನಿಧಾನ. ಕೇಸು ಸೋತವರು ಕೂಡ, ಹೆಸರನ್ನಾದರೂ ಚೆನ್ನಾಗಿ ಕರೆದರು ಎಂದುಕೊಂಡು ಮನೆಗೆ ಹೋಗುತ್ತಿದ್ದರು. ಆದರೆ ವರಾಂಡ ಬಿಟ್ಟು ಬೇರೆಲ್ಲೂ ಅವನು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಸಂಕೋಚದ ಮನುಷ್ಯ ಅಂದುಕೊಂಡಿದ್ದೆ.

ಅವನು ಬಾಗಿಲಲ್ಲಿ ನಿಂತು ಬಾಯಿ ತೆರೆದ. ಕೈ ಎತ್ತಿದ. ಕುತ್ತಿಗೆಯ ನರ ಉಬ್ಬಿತು. ನಾನು ಪರದೆಯಿಂದ ಕಣ್ಣು ತೆಗೆಯದೆ, ಕಾಫಿ ಗೀಫಿ ಏನೂ ಬೇಡಪ್ಪ, ಹತ್ತು ನಿಮಿಷದಲ್ಲಿ ಮುಗಿಸಿ ಹೊರಡುತ್ತೇನೆ, ನೀನು ಹೋಗು ಅಂದೆ. ಅವನು ಹೋಗಲಿಲ್ಲ. ಬೀಗದ ಚಿಂತೆ ಬೇಡ, ನಾನೇ ವಾಚ್‌ಮನ್ ಕೈಗೆ ಕೊಡುತ್ತೇನೆ ಅಂದೆ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ಕೊನೆಯ ಸಾಲು ಅಳಿಸುವಾಗ ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡಿತು. ‘ಈ ಫೈಲನ್ನು ಇನ್ನೊಬ್ಬರು ಬಳಸುತ್ತಿರಬಹುದು. ತೆಗೆಯಬಹುದೇ?’ ಇದು ಎಲ್ಲ ಕಡೆ ಮೂಡುವ ಪೆಟ್ಟಿಗೆ, ನಾನು ಓದುವುದೂ ಇಲ್ಲ. ಹೌದು ಒತ್ತಿದೆ. ವರಾಂಡದಲ್ಲಿ ಫ್ಯಾನಿನ ಬಡಿತ ನಿಂತಿತು. ಅಷ್ಟು ಬೇಗ ಮುಗಿಯಿತಲ್ಲ ಎಂದು ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು.

ಮಾರನೆಯ ದಿನ ಹನ್ನೊಂದೂಕಾಲಿಗೆ ಜಯಶೀಲಮ್ಮನ ಫೋನು. ಫ್ಯಾನು ಸುಮ್ಮನಾಗಿದೆ, ಬೋರಲಿಂಗಯ್ಯನೂ ಸುಮ್ಮನಾಗಿದ್ದಾನೆ, ಏನು ಮಾಡಿದಿರಿ ಎಂದು ಕೇಳಿದರು. ಮೊದಲ ಕೇಸಿಗೆ ವರಾಂಡಕ್ಕೆ ಬಂದು ನಿಂತನಂತೆ. ಬಾಯಿ ತೆರೆದನಂತೆ. ದನಿಯೇ ಹೊರಡಲಿಲ್ಲವಂತೆ. ಒಳಗೆ ಮೇಡಂ ಪೆನ್ನು ಹಿಡಿದು ಕಾದರು, ಹೊರಗೆ ನಲವತ್ತು ಜನ ಕಾದರು, ಕೊನೆಗೆ ಜಯಶೀಲಮ್ಮನೇ ಹೊರಬಂದು ತಮ್ಮ ಸಣ್ಣ ಗಂಟಲಲ್ಲಿ ಹೆಸರು ಕೂಗಿದರಂತೆ. ಅದು ಎರಡನೆಯ ಕಂಬದವರೆಗೆ ಕೂಡ ಮುಟ್ಟಲಿಲ್ಲ.

ನಾನು ಹೋದಾಗ ಅವನು ಕಟ್ಟಡದ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಡವಾಲಿ ಪಟ್ಟಿ ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದಲ್ಲಿ ಕೂತು, ಗಂಟಲು ಕಟ್ಟಿದೆಯಾ, ಕಷಾಯ ಕುಡಿದೆಯಾ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿದ. “ಫ್ಯಾ...” ಅಂದ. ಫ್ಯಾನಿನ ಗಾಳಿಗೆ ಶೀತ ಆಯಿತಾ ಎಂದೆ. ಮತ್ತೆ ತಲೆಯಾಡಿಸಿದ. ಫ್ಯಾನು ಕೆಟ್ಟುಹೋಯಿತು ಅಂತ ಮೇಡಂ ಬೈದರಾ ಎಂದೆ. ಅವನು ಎರಡೂ ಕೈ ಜೋಡಿಸಿ ನನ್ನ ಮುಖದ ಮುಂದೆ ಹಿಡಿದ.

“ಅ... ಅಕ್ಕ,” ಅಂದ. “ನೀ... ನೀವು ಒಂದ್ ಗಳಿಗೆ ಸುಮ್ನಿದ್ರೆ, ನಾ... ನಾನು ಹೇಳ್ತೀನಿ.”

ಅಷ್ಟು ಹೇಳಲು ಹಾಲು ಕಾಯುವಷ್ಟು ಹೊತ್ತು ಹಿಡಿಯಿತು. ನಾನು ಸುಮ್ಮನಿದ್ದೆ, ಸುಮ್ಮನಿರುವುದು ಎಷ್ಟು ಕಷ್ಟವೆಂದು ಅವತ್ತೇ ಗೊತ್ತಾದದ್ದು. ಅವನು ಹೇಳಿದ. ಚಿಕ್ಕಂದಿನಿಂದ ಅವನಿಗೆ ಮಾತು ತಡೆಯುತ್ತದೆ. ಶಾಲೆಯಲ್ಲಿ ಹಾಜರಿ ಕರೆದಾಗ ಹಾಜರ್ ಅನ್ನಲು ಆಗದೆ ಅರ್ಧ ವರ್ಷ ಗೈರುಹಾಜರಿ ಬಿದ್ದಿತ್ತು. ಕೋರ್ಟಿಗೆ ಸೇರಿದ್ದು ಫೈಲು ಹೊರುವ ಕೆಲಸಕ್ಕೆ. ಫ್ಯಾನು ಬಡಿಯಲು ಶುರುವಾದ ಹೊಸದರಲ್ಲಿ ಒಂದು ದಿನ ವರಾಂಡ ಗುಡಿಸುತ್ತಾ ಗೋಡೆಯ ಮೇಲಿನ ನೋಟೀಸನ್ನು ಸುಮ್ಮನೆ ಓದಿದನಂತೆ. ಒಂದು ಟಕ್ಕಿಗೆ ಒಂದು ಅಕ್ಷರ. ಎಲ್ಲೂ ನಿಲ್ಲಲಿಲ್ಲ. ನೋಟೀಸು ಪೂರ್ತಿ ಓದಿದ, ಕೆಳಗಿದ್ದ ಸಹಿಯನ್ನೂ ಓದಿದ, ಅಲ್ಲೇ ಕೂತು ಅತ್ತನಂತೆ. ಮುಂದಿನ ತಿಂಗಳು ಹೆಸರು ಕೂಗುವವನು ನಿವೃತ್ತನಾದ, ಇವನು ಕೈ ಎತ್ತಿದ. ಫ್ಯಾನಿನ ವಿಷಯ ಯಾರಿಗೂ ಹೇಳಲಿಲ್ಲ. ಸೋಮವಾರ ಸಂಜೆ ನನ್ನ ಬಾಗಿಲಿಗೆ ಬಂದದ್ದು ಅದನ್ನು ಹೇಳುವುದಕ್ಕೆ.

“ಆ ವರಾಂಡದಲ್ಲಿ ಮಾತ್ರ ನನ್ನ ಮಾತು ನಾನೇ ಮುಗಿಸ್ತಿದ್ದೆ, ಅಕ್ಕ,” ಅಂದ. ಎಲ್ಲೆಲ್ಲಿ ತಡವರಿಸಿದ ಎಂದು ನಾನಿಲ್ಲಿ ಬರೆಯುವುದಿಲ್ಲ. “ಬೇರೆ ಕಡೆ ಎಲ್ಲ ನಿಮ್ಮಂಥವ್ರೇ ಮುಗಿಸಿಕೊಟ್ಬಿಡ್ತಾರೆ.”

ನನಗೆ ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಮೈ ಬಿಸಿಯಾಗುವಷ್ಟು ನಾಚಿಕೆಯಾಯಿತು. ಅವನು ಇನ್ನೊಂದು ಮಾತು ಹೇಳಿದ. ಮೇಡಂ ಅವತ್ತೇ ಮೇಲಿನವರಿಗೆ ಪತ್ರ ಬರೆಸಿದ್ದರು. ಬರುವ ಸೋಮವಾರ ಪಕ್ಕದ ತಾಲ್ಲೂಕಿನಿಂದ ಬೇರೆ ಜವಾನ ಬರುತ್ತಾನೆ, ಬೋರಲಿಂಗಯ್ಯ ರೆಕಾರ್ಡ್ ರೂಮಿಗೆ. ಅಲ್ಲಿ ಹಳೆ ಫೈಲುಗಳು ಮತ್ತು ಗೆದ್ದಲು ಬಿಟ್ಟರೆ ಯಾರೂ ಇಲ್ಲ. ಸಂಬಳ ಅದೇ, ಹುದ್ದೆ ಅದೇ. ಅಲ್ಲಿ ಹೋದರೆ ಇನ್ನು ಬಾಯಿ ತೆರೆಯುವ ಸಂದರ್ಭವೇ ಬರುವುದಿಲ್ಲ ಎಂದ. ಅಷ್ಟು ಹೇಳಿ ಡವಾಲಿ ಪಟ್ಟಿಯನ್ನು ಇನ್ನೊಂದು ಮಡಿಕೆ ಮಡಿಸಿದ.

ಫ್ಯಾನನ್ನು ವಾಪಸು ತರುತ್ತೇನೆ, ನೀನು ಧೈರ್ಯವಾಗಿರು ಎಂದು ಹೇಳಿ ಎದ್ದೆ. ಹೇಳುವಾಗ ದೊಡ್ಡ ದನಿಯಲ್ಲೇ ಹೇಳಿದೆ. ಕಂಪ್ಯೂಟರಿನ ಮುಂದೆ ಕೂತಾಗ ಅಸಲು ವಿಷಯ ಎದುರಿಗೆ ಬಂತು. ನಕಲಿಲ್ಲ. ಅಳಿಸಿದ್ದನ್ನು ತಿರುಗಿ ಬರೆಯೋಣವೆಂದರೆ ಆ ಸಾಲುಗಳು ನನಗೇನು ಬಾಯಿಪಾಠವೇ? ಆ ಸಾಫ್ಟ್‌ವೇರ್ ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಆಗ ನನಗೊಂದು ಉಪಾಯ ಹೊಳೆಯಿತು. ಸಂಗೀತ ಕಲಿಯುವವರಿಗೆ ತಾಳ ಹಾಕುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಒಂದನ್ನು ಹಾಕಿ, ಸ್ವಲ್ಪ ಓಡಿಸಿ, ಬೇಕೆಂದೇ ಒರಟೊರಟಾಗಿ ಕಿತ್ತುಹಾಕಿದರೆ ಅದರ ಉಳಿಕೆ ಫ್ಯಾನಿಗೆ ಹೋಗಿ ಕೂರಬಹುದಲ್ಲ? ಬುಧವಾರ ಬೆಳಗ್ಗೆ ಜಯಶೀಲಮ್ಮನಿಗೆ ವಿಷಯ ಹೇಳಿ ಹಾಗೇ ಮಾಡಿದೆ. ಉಳಿಕೆ ಬಂತು. ಫ್ಯಾನಿಗಲ್ಲ, ಕಕ್ಕಸಿನ ಬಾಗಿಲಿಗೆ ಬಂತು. ಒಳಗೆ ಯಾರೂ ಇಲ್ಲದಿದ್ದರೂ ಟಕ್, ಟಕ್ ಎಂದು ಬಡಿಯತೊಡಗಿತು. ವಕೀಲರೊಬ್ಬರು ಅರ್ಧ ಗಂಟೆ ಹೊರಗೆ ನಿಂತು, ಪರವಾಗಿಲ್ಲ ನಿಧಾನ ಮಾಡಿ ಎಂದು ಮೂರು ಸಲ ಹೇಳಿದರಂತೆ.

ಬಡಿತವೇನೋ ಅಚ್ಚುಕಟ್ಟಾಗಿತ್ತು, ಹಳೆಯ ಫ್ಯಾನಿನದೇ ಅಳತೆ. ಬೋರಲಿಂಗಯ್ಯನನ್ನು ಕರೆದು ಇಲ್ಲೇ ನಿಂತು ಕೂಗಿ ನೋಡು ಅಂದೆ. ಅವನು ಅಲ್ಲಿ ನಿಂತು ಮೆಲ್ಲಗೆ ತನ್ನ ಹೆಸರು, ತನ್ನ ಅಪ್ಪನ ಹೆಸರು ಹೇಳಿಕೊಂಡ. ಒಂದು ಅಕ್ಷರವೂ ತಡೆಯಲಿಲ್ಲ. ಅವನ ಮುಖ ಅರಳಿತು, ನನ್ನದೂ ಅರಳಿತು. ಆಮೇಲೆ ಅವನು ಬಾಗಿಲನ್ನು ಒಂದು ಸಲ ನೋಡಿದ, ಅದರ ಮೇಲಿನ ಬೋರ್ಡನ್ನು ನೋಡಿದ.

“ಜನರ ಹೆಸರನ್ನ ಇಲ್ಲಿ ನಿಂತ್ಕೊಂಡು ಕೂಗಲ್ಲ, ಅಕ್ಕ,” ಅಂದ. ಬಾಗಿಲು ಬಡಿಯುತ್ತಿದ್ದುದರಿಂದ ಅದೂ ಸರಾಗವಾಗಿಯೇ ಬಂತು.

ಅವನ ಮೇಲೆ ಸಿಟ್ಟು ಬಂತು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅವನು ಹೇಳಿದ್ದೇ ಸರಿ ಅನಿಸಿತು. ಮತ್ತೆ ಕಂಪ್ಯೂಟರಿಗೆ ಕೂತು ಎರಡನೆಯ ಸಲ ಹಾಕಿ ಕಿತ್ತೆ. ಜಯಶೀಲಮ್ಮನ ಸ್ಟೇಪ್ಲರ್ ತನ್ನಷ್ಟಕ್ಕೆ ಪಿನ್ನು ಹೊಡೆಯತೊಡಗಿತು, ಅವರ ರಜಾಚೀಟಿಯನ್ನೂ ಒಂದು ಖೂನಿ ಕೇಸನ್ನೂ ಸೇರಿಸಿ ಹೊಡೆದಿಟ್ಟಿತು. ಉಳಿಕೆ ಎಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರ ನಮಗಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹಟ ಬಿಡಲಿಲ್ಲ. ಮಧ್ಯದಲ್ಲಿ ಒಂದಿಷ್ಟು ಹೊತ್ತು ಹಿಂದಿನ ಮೆಟ್ಟಿಲ ಮೇಲೆ ಕೂತು ನಾನೇ ಲೋಟಕ್ಕೆ ಚಮಚ ಬಡಿದು ತಾಳ ಹಾಕಿಕೊಟ್ಟೆ. ಅವನು ಎರಡು ಹೆಸರು ಹೇಳುವಷ್ಟರಲ್ಲಿ ನಿಲ್ಲಿಸಿಬಿಟ್ಟ. ನನ್ನ ಚಮಚ ಅವನಿಗಿಂತ ಮುಂದೆ ಮುಂದೆ ಓಡುತ್ತದಂತೆ.

ಗುರುವಾರ ಮೂರನೆಯ ಪ್ರಯತ್ನ. ಉಳಿಕೆ ಜಡ್ಜ್ ಮೇಡಂ ಅವರ ಕುರ್ಚಿಗೆ ಹೋಯಿತು. ಕುರ್ಚಿ ಹಿಂದಕ್ಕೂ ಮುಂದಕ್ಕೂ ತೂಗತೊಡಗಿತು. ಮೇಡಂ ಗಟ್ಟಿಗರು, ತೂಗುತ್ತಲೇ ಎರಡು ಜಾಮೀನು ಅರ್ಜಿ ಮುಗಿಸಿದರು. ಆಮೇಲೆ ಎದ್ದು ನಿಂತು ನನ್ನ ಹೆಸರಿಗೆ ನೋಟೀಸು ಬರೆಸಿದರು. ನ್ಯಾಯಾಲಯದ ಸ್ವತ್ತನ್ನು ಯಾರನ್ನು ಕೇಳಿ ಹೀಗೆ ಮಾಡಿದಿರಿ ಎಂಬುದಕ್ಕೆ ಶುಕ್ರವಾರ ಹನ್ನೊಂದು ಗಂಟೆಗೆ ಖುದ್ದು ಹಾಜರಾಗಿ ಉತ್ತರ ಹೇಳತಕ್ಕದ್ದು. ಪಟ್ಟಿಯಲ್ಲಿ ನನ್ನದೇ ಮೊದಲ ಹೆಸರು.

ಸಂಜೆ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಸೋತೆ ಕಣ್ರೀ ಅಂದೆ. ಅವರು, “ಅಂಬುಜಾ, ನೀನು ಆ ಮನುಷ್ಯನಿಗೆ...” ಅಂದು ಅಭ್ಯಾಸದಂತೆ ನಿಲ್ಲಿಸಿ ನನ್ನ ಮುಖ ನೋಡಿದರು. ಮುಂದೇನು ಅಂತ ನನಗೆ ಹೊಳೆಯಲಿಲ್ಲ. ಹೇಳಿ ಅಂದೆ. ಅವರು ಗಾಬರಿಯಾದರು. ಮುಂದಿನದನ್ನು ಅವರೂ ಯೋಚಿಸಿಟ್ಟಿರಲಿಲ್ಲ.

ಶುಕ್ರವಾರ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಬುಜಕ್ಕ ಕೋರ್ಟು ಹತ್ತುತ್ತಾಳೆಂದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ಕೇಶವಮೂರ್ತಿ ಅಂಗಡಿ ಮುಚ್ಚಿ ಬಂದಿದ್ದ. ಬೋರಲಿಂಗಯ್ಯ ಗೋಡೆಗೆ ಒರಗಿ ನಿಂತಿದ್ದ, ಡವಾಲಿ ಪಟ್ಟಿ ಹಾಕಿಕೊಂಡಿದ್ದ. ತಲೆಯ ಮೇಲೆ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಹನ್ನೊಂದು ಹೊಡೆದ ಮೇಲೆ ಜಯಶೀಲಮ್ಮ ಪಟ್ಟಿ ಹಿಡಿದು ಹೊರಬಂದು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಬೋರಲಿಂಗಯ್ಯ ಮುಂದೆ ಬಂದು ಅವರ ಕೈಯಿಂದ ಪಟ್ಟಿ ತೆಗೆದುಕೊಂಡ. ಕಿತ್ತುಕೊಳ್ಳಲಿಲ್ಲ, ಸೋಮವಾರದವರೆಗೆ ಇದು ನನ್ನ ಕೆಲಸ ಎನ್ನುವ ಹಾಗೆ ತೆಗೆದುಕೊಂಡ.

ಅವನು ಬಾಗಿಲ ಪಕ್ಕ ತನ್ನ ಜಾಗದಲ್ಲಿ ನಿಂತ. ಬಾಯಿ ತೆರೆದ.

“ಅಂ...”

ನಿಂತಿತು. ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡ.

“ಅಂ...”

ನಾನು ಅವನಿಂದ ನಾಲ್ಕು ಮಾರು ದೂರದಲ್ಲಿದ್ದೆ. ನನ್ನ ಹೆಸರು, ಐವತ್ತಾರು ವರ್ಷದಿಂದ ನನ್ನದು. ಮುಂದಿನ ಅಕ್ಷರಗಳು ನನ್ನ ನಾಲಿಗೆಯ ತುದಿಗೆ ಬಂದು ನಿಂತಿದ್ದವು, ಈ ಸಲ ತಪ್ಪುವ ಸಾಧ್ಯತೆಯೇ ಇರಲಿಲ್ಲ. ಬಂದೆ ಎಂದು ಒಳಗೆ ಹೋಗಿಬಿಟ್ಟರೂ ಸಾಕಿತ್ತು, ಅವನಿಗೂ ಬಿಡುಗಡೆ, ನನಗೂ ಬಿಡುಗಡೆ. ಕಾಲು ಎತ್ತಿಯೂ ಬಿಟ್ಟಿದ್ದೆ. ಅವನು ಕಣ್ಣು ತೆರೆದು ನನ್ನನ್ನು ನೋಡಿದ. ನಾನು ಕಾಲು ಕೆಳಗಿಟ್ಟೆ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದೆ.

ಜನ ಕಾದರು. ಒಂದು ವಿಷಯ ನನಗೆ ಅಲ್ಲೇ ಹೊಳೆದದ್ದು. ನಮ್ಮೂರಿನವರಿಗೆ ಕಾಯುವುದು ಹೊಸದಲ್ಲ. ಷಟರು ಏಳುವುದಕ್ಕೆ ಕಾಯುತ್ತಾರೆ, ಗಡಿಯಾರ ತನ್ನ ಪಾಡಿಗೆ ಹಳೆಯ ಲೆಕ್ಕ ಮುಗಿಸುವುದಕ್ಕೆ ಕಾಯುತ್ತಾರೆ, ನಲ್ಲಿ ತನಗೆ ಬೇಕಾದ ಪ್ರಶ್ನೆ ಕೇಳಿ ನೀರು ಬಿಡುವುದಕ್ಕೆ ಕಾಯುತ್ತಾರೆ. ಊರಿಗೆಲ್ಲ ಇದು ಗೊತ್ತು, ನಾನೊಬ್ಬಳು ಕಲಿತಿರಲಿಲ್ಲ. ಯಾರೂ ಕೆಮ್ಮಲಿಲ್ಲ, ಯಾರೂ ಪಾಪ ಅನ್ನಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಒಬ್ಬಾಕೆ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡಳು.

“ಅಂ... ಅಂಬುಜಾಕ್ಷಿ,” ಅಂದ ಬೋರಲಿಂಗಯ್ಯ. “ಕೋಂ... ಕೋಂ ಪ... ಪರಮೇಶ್ವರಯ್ಯ.”

ಯಾರ ಹೆಂಡತಿ ಎಂಬುದನ್ನು ಕೋರ್ಟಿನಲ್ಲಿ ಹಾಗೇ ಕರೆಯುವುದು. ನನ್ನ ಪಕ್ಕದಲ್ಲಿದ್ದ ಪರಮೇಶ್ವರಯ್ಯನವರು ತಮ್ಮ ಹೆಸರು ಕೇಳಿ ನೆಟ್ಟಗೆ ನಿಂತರು. ನಾನು ಒಳಗೆ ಹೊರಟೆ. ಬೋರಲಿಂಗಯ್ಯ ಅಂಗೈ ಅಡ್ಡ ಹಿಡಿದು ನನ್ನನ್ನು ತಡೆದ. ಕೋರ್ಟಿನ ಪದ್ಧತಿ ಮೂರು ಸಲ. ಅವನಿಗೆ ಮೂರೂ ಬೇಕಾಗಿತ್ತು.

ಎರಡನೆಯ ಸಲ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಪರಮೇಶ್ವರಯ್ಯನವರ ಹೆಸರಿನ ಹತ್ತಿರ ಎಷ್ಟು ತಡೆಯಿತೆಂದರೆ, ನನಗೆ ಮದುವೆಯಾಗಿದೆಯೋ ಇಲ್ಲವೋ ಎಂದು ನನಗೇ ಅನುಮಾನ ಬರುವಷ್ಟಾಯಿತು. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಮೂರನೆಯ ಸಲ ಶುರು ಮಾಡುವ ಹೊತ್ತಿಗೆ ಜಡ್ಜ್ ಮೇಡಂ ಒಳಗಿನಿಂದ ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ಹಿಂದೆ ಅವರ ಖಾಲಿ ಕುರ್ಚಿ ತೂಗುತ್ತಿತ್ತು. ಅವರು ಏನೋ ಹೇಳಲು ಬಂದವರು, ವರಾಂಡದ ಜನರ ಮುಖ ನೋಡಿ ಹೇಳಲಿಲ್ಲ. ಅವರೂ ಕೈ ಕಟ್ಟಿ ನಿಂತು ಕಾದರು.

ಮೂರನೆಯ ಸಲವೂ ಅವನು ತಡವರಿಸಿದ. ಅದು ಸರಾಗವಾಗಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಪೂರ್ತಿ ಹೇಳಿದ, ಹಳೆಯ ದನಿಯಲ್ಲೇ ಹೇಳಿದ. ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಎದ್ದು ನಿಂತರು. ನಾನು ಬಂದೆ ಎಂದೆ.

ಮೇಡಂ ಒಳಗೆ ಹೋಗಿ ಕುರ್ಚಿಯ ಪಕ್ಕದಲ್ಲಿ ನಿಂತುಕೊಂಡೇ ಜಯಶೀಲಮ್ಮನನ್ನು ಕರೆದರು. “ಮೇಲಿನವರಿಗೆ ಬರೆದ ಪತ್ರ ವಾಪಸ್ ತಗೊಳ್ಳಿ,” ಅಂದರು. “ಹೆಸರು ನನಗೆ ಸರಿಯಾಗಿ ಕೇಳಿಸ್ತು. ದಿನಕ್ಕೆ ಎಷ್ಟು ಕೇಸ್ ಆಗುತ್ತೋ ಅಷ್ಟೇ ಹಾಕಿ.” ಜಯಶೀಲಮ್ಮ ತಲೆಯಾಡಿಸಿದರು. ಬಾಗಿಲಲ್ಲಿ ನಿಂತಿದ್ದ ಬೋರಲಿಂಗಯ್ಯ ಡವಾಲಿ ಪಟ್ಟಿಯನ್ನು ಎಳೆದು ಸರಿಮಾಡಿಕೊಂಡ. ಮುಖದಲ್ಲಿ ಏನನ್ನೂ ತೋರಿಸಲಿಲ್ಲ, ಕೋರ್ಟಿನ ಜವಾನರು ತೋರಿಸಬಾರದು.

ಆಮೇಲೆ ಮೇಡಂ ನನ್ನ ಕಡೆ ತಿರುಗಿದರು. ಆ ಫ್ಯಾನಿನ ಉಳಿಕೆ ತೆಗೆಯುವ ಮೊದಲು ಅದು ಬೇಕಾದವರನ್ನು ಕೇಳಿದ್ದಿರಾ ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ನಾಲ್ಕು ವಾಕ್ಯ ಜೋಡಿಸಿಕೊಂಡು ಬಂದಿದ್ದೆ, ಅದರಲ್ಲಿ ಕಟ್ಟಳೆಯ ಮಾತಿತ್ತು, ಜಯಶೀಲಮ್ಮನ ಮೇಲೆ ಸ್ವಲ್ಪ ಜಾರಿಸುವ ಮಾತೂ ಇತ್ತು. ಕಟಕಟೆ ಹಿಡಿದು ಬಾಯಿ ತೆರೆದೆ. ಸೋಮವಾರ ಸಂಜೆ ಬಾಗಿಲಲ್ಲಿ ಕೈ ಎತ್ತಿ ನಿಂತಿದ್ದವನ ಮುಖ ಕಣ್ಣ ಮುಂದೆ ಬಂತು. ನಾಲ್ಕು ವಾಕ್ಯದಲ್ಲಿ ಒಂದೂ ಹೊರಬರಲಿಲ್ಲ. ಸರಕಾರಿ ವಕೀಲರು ಎದ್ದು, ಆಕೆಯ ಅರ್ಥ ಏನೆಂದರೆ ಮೇಡಂ ಎಂದು ಶುರು ಮಾಡಿದರು.

ಬಾಗಿಲಲ್ಲಿದ್ದ ಬೋರಲಿಂಗಯ್ಯ ಅವರ ಕಡೆ ಅಂಗೈ ಎತ್ತಿದ. ವಕೀಲರು ಕೂತರು. ಕೋರ್ಟು ಕಾಯಿತು. ಅವನೂ ನನ್ನನ್ನೇ ನೋಡುತ್ತಾ ಕಾದ, ಅವಸರವಿಲ್ಲದೆ, ನನ್ನ ಮಾತು ನನ್ನ ಬಾಯಿಂದಲೇ ಬರುವವರೆಗೆ.

“ಇಲ್ಲ,” ಅಂದೆ ಕೊನೆಗೆ. “ಹೇಳೋಕೆ ಬಂದಿದ್ದ. ನಾನು ಕೇಳಲಿಲ್ಲ.”